ನಿಮ್ಮ ಹಾಡಿನ ಪಟ್ಟಿ, ಗೆಳತಿಯ ಒಂದು ಮಾತು

ಇವತ್ತು ಸಾರು ಏನು ಮಾಡಲಿ ಎಂದು ಮನೆಯವರನ್ನೆಲ್ಲ ನೀವು ದಿನವೂ ಕೇಳುತ್ತೀರಿ. ಮಗನಿಗೆ ಯಾವ ತಿಂಡಿ ಇಷ್ಟ, ಅತ್ತೆಯವರ ಚಹಾಕ್ಕೆ ಸಕ್ಕರೆ ಎಷ್ಟು, ಪತಿಗೆ ಯಾವ ಬಣ್ಣದ ಅಂಗಿ ಒಪ್ಪುತ್ತದೆ ಎಂಬುದೆಲ್ಲ ನಿಮಗೆ ಬಾಯಿಪಾಠ. ಆದರೆ ನಿಮಗೆ ಯಾವ ಹಾಡು ಇಷ್ಟ ಎಂದು ನಿಮ್ಮನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತು? ಒಮ್ಮೆ ಯೋಚಿಸಿ ನೋಡಿ. ಅನೇಕ ಗೃಹಿಣಿಯರಿಗೆ ಆ ದಿನ ನೆನಪಿಗೇ ಬರಲಾರದು.

ಹೀಗಿರುವಾಗ ಒಬ್ಬ ಮಹಿಳೆ ತನಗೆ ಪ್ರಿಯವಾದ ಹತ್ತು ಹದಿನೈದು ಹಾಡುಗಳನ್ನು ಆರಿಸಿ, ಒಂದರ ನಂತರ ಒಂದರಂತೆ ಜೋಡಿಸಿ ಗೆಳತಿಗೆ ಕಳುಹಿಸುತ್ತಾಳೆ ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ಕೆಲಸ. ಆದರೆ ಅವಳು ಕಳುಹಿಸಿದ್ದು ಹಾಡುಗಳನ್ನಷ್ಟೇ ಅಲ್ಲ. ನನ್ನ ಮನಸ್ಸು ಹೀಗಿದೆ, ಸ್ವಲ್ಪ ಕೇಳು ಎಂಬ ಕೋರಿಕೆಯೂ ಅದರಲ್ಲಿದೆ. ಅದಕ್ಕೆ ಉತ್ತರವಾಗಿ ಬರುವುದೇನು? ಹೆಬ್ಬೆರಳು ಎತ್ತಿದ ಒಂದು ಪುಟ್ಟ ಚಿತ್ರ. ಇಲ್ಲವೇ 'ಸೂಪರ್' ಎಂಬ ಒಂದೇ ಪದ. ಅವಳು ಹಾಡು ಕೇಳಿದಳೋ ಇಲ್ಲವೋ ಎಂಬುದು ಕೂಡಾ ತಿಳಿಯುವುದಿಲ್ಲ.

ಇನ್ನು ಕೆಲವರು ಇದಕ್ಕೆ ವಿರುದ್ಧ. ಪಟ್ಟಿ ಬಂದ ಕೂಡಲೇ 'ಇದೆಂಥ ಅಜ್ಜಿ ಕಾಲದ ಹಾಡುಗಳು' ಎಂದು ಎಲ್ಲರ ಮುಂದೆ ನಕ್ಕುಬಿಡುತ್ತಾರೆ. ಅಂದಿಗೆ ಆ ಮಹಿಳೆ ಪಟ್ಟಿ ಮಾಡುವುದನ್ನೇ ನಿಲ್ಲಿಸುತ್ತಾಳೆ.

ಬಾಯಿಮಾತಿನ ಹೊಗಳಿಕೆ, ಮನಸ್ಸು ಮುರಿಯುವ ಕುಹಕ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ಪೂರ್ತಿ ಕೇಳಿ, ಪ್ರೀತಿಯಿಂದ ನಿಜ ಹೇಳುವ ದಾರಿ. ನಮ್ಮ ಹಿಂದಿನವರಿಗೆ ಈ ದಾರಿ ಚೆನ್ನಾಗಿ ಗೊತ್ತಿತ್ತು.

ಬಯಾಝ್ ಎಂಬ ಹಳೆಯ ಪುಸ್ತಕ

ಹಾಡಿನ ಪಟ್ಟಿ ಮಾಡುವುದು ಮೊಬೈಲ್ ಕಾಲದ ಹುಚ್ಚು ಎಂದು ಹಿರಿಯರು ಗೊಣಗುವುದುಂಟು. ಅದು ಸರಿಯಲ್ಲ. ಉರ್ದು ಬಲ್ಲ ಮನೆತನಗಳಲ್ಲಿ ಬಯಾಝ್ ಎಂಬ ಪದ ಬಹಳ ಹಳೆಯದು. ತನಗೆ ಮೆಚ್ಚುಗೆಯಾದ ಶೇರ್, ಗಝಲ್, ನಾತ್‌ಗಳನ್ನು ಕೈಯಾರೆ ಬರೆದಿಟ್ಟುಕೊಳ್ಳುವ ಪುಸ್ತಕವೇ ಬಯಾಝ್. ಯಾವುದನ್ನು ಬರೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪುಸ್ತಕದ ಒಡೆಯನೇ ತೀರ್ಮಾನಿಸುತ್ತಿದ್ದ. ಆದ್ದರಿಂದ ಒಬ್ಬರ ಬಯಾಝ್ ನೋಡಿದರೆ ಅವರ ಅಭಿರುಚಿ ತಿಳಿಯುತ್ತಿತ್ತು.

ಈ ಆಯ್ಕೆಯ ಜೊತೆಗೆ ವಿಮರ್ಶೆಯೂ ಸೇರಿದಾಗ ಅದು ತಝ್ಕಿರಾ ಎನಿಸಿಕೊಂಡಿತು. ಕವಿಗಳ ಪರಿಚಯ, ಅವರ ಆಯ್ದ ಪದ್ಯಗಳು, ಅವುಗಳ ಬಗ್ಗೆ ಸಂಗ್ರಹಕಾರನ ಅಭಿಪ್ರಾಯ ಇಷ್ಟೂ ಅದರಲ್ಲಿರುತ್ತಿತ್ತು. ಪ್ರಸಿದ್ಧ ಕವಿ ಮೀರ್ ತಖೀ ಮೀರ್ 1752ರಲ್ಲಿ ಉರ್ದು ಕವಿಗಳ ಬಗ್ಗೆ ಪಾರಸಿಯಲ್ಲಿ ಬರೆದ 'ನಿಕಾತುಶ್ಶುಅರಾ' ಇಂಥ ಕೃತಿ. ಮೀರ್ ಯಾರ ಮುಲಾಜಿಗೂ ಒಳಗಾದವನಲ್ಲ. ಕೆಲವರ ಪದ್ಯಗಳಿಗೆ, ಹೀಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ತಿದ್ದುಪಡಿಯನ್ನೂ ಸೂಚಿಸಿದ. ಅವನ ಮಾತಿನ ಮೊನೆ ಹಲವರಿಗೆ ಚುಚ್ಚಿತು. ಪ್ರತಿಯಾಗಿ ಬೇರೆ ತಝ್ಕಿರಾಗಳು ಹುಟ್ಟಿಕೊಂಡವು.

ಮಿರ್ಝಾ ಗಾಲಿಬ್ (1797-1869) ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದರು. ಅವರ ಶಿಷ್ಯರು ಬೇರೆ ಬೇರೆ ಊರುಗಳಿಂದ ತಮ್ಮ ಗಝಲ್‌ಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಗಾಲಿಬ್ ತಿದ್ದಿ, ತಿದ್ದಿದ್ದೇಕೆ ಎಂದು ವಿವರಿಸಿ ಮರಳಿ ಕಳುಹಿಸುತ್ತಿದ್ದರು. ಇದಕ್ಕೆ ಇಸ್ಲಾಹ್ ಎಂದು ಹೆಸರು. ಅವರ ಪತ್ರಗಳನ್ನು ಓದಿದರೆ ಅಲ್ಲಿ ತಮಾಷೆ ಇದೆ, ಕುಶಲ ವಿಚಾರಣೆ ಇದೆ, ಮನೆಯ ಕಷ್ಟಸುಖವಿದೆ. ಅದರ ನಡುವೆ ತಿದ್ದುವಿಕೆ ಇದೆ. ತಿದ್ದಿಸಿಕೊಂಡ ಶಿಷ್ಯ ದೂರ ಹೋಗಲಿಲ್ಲ. ಮತ್ತೊಂದು ಗಝಲ್ ಬರೆದು ಕಳುಹಿಸಿದ.

ಬಯಾಝ್ ಬರೆಯಲು ಅಕ್ಷರ ಬೇಕು. ಅಕ್ಷರ ಸಿಗದ ನಮ್ಮ ಅಜ್ಜಿಯರು ನೆನಪನ್ನೇ ಪುಸ್ತಕ ಮಾಡಿಕೊಂಡರು. ಬಿಜಾಪುರದ ಕಡೆ ದಖ್ಖನಿ ಮಾತಿನಲ್ಲಿ ಬೀಸುವಾಗ ಹಾಡುವ ಚಕ್ಕಿನಾಮಾ, ತೊಟ್ಟಿಲು ತೂಗುವಾಗ ಹಾಡುವ ಲೂರಿನಾಮಾಗಳು ಹೆಂಗಸರ ಬಾಯಿಂದ ಬಾಯಿಗೆ ಬಂದವು. ಯಾವ ಹಾಡನ್ನು ಮಗಳಿಗೆ ಕಲಿಸಬೇಕು ಎಂದು ಆರಿಸಿದವಳು ತಾಯಿಯೇ. ಅದೂ ಒಂದು ಪಟ್ಟಿಯೇ ಅಲ್ಲವೇ?

ಬುಧವಾರ ರಾತ್ರಿಯ ಚರ್ಚೆ

ಅಭಿಮಾನಿಗಳು ಹಾಡುಗಳನ್ನು ಸಾಲಾಗಿ ಜೋಡಿಸಿ ಅದರ ಬಗ್ಗೆ ವಾದ ಮಾಡುವ ಅಭ್ಯಾಸವನ್ನು ಇಡೀ ದೇಶಕ್ಕೆ ಹಿಡಿಸಿದ್ದು ರೇಡಿಯೋ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಸಚಿವರಾದ ಮೇಲೆ ಸಿನಿಮಾ ಹಾಡುಗಳು ನಮ್ಮ ಬಾನುಲಿಯಿಂದ ಹೆಚ್ಚುಕಡಿಮೆ ಮಾಯವಾದವು. ಶಾಸ್ತ್ರೀಯ ಸಂಗೀತ ಬೆಳೆಯಲಿ ಎಂಬುದು ಅವರ ಆಶಯವಾಗಿತ್ತು. ಆದರೆ ಕೇಳುಗರು ರೇಡಿಯೋದ ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನ್‌ಗೆ ಹೋದರು. ಅದೇ ವರ್ಷ ಡಿಸೆಂಬರ್ 3ರಂದು ಅಲ್ಲಿ 'ಬಿನಾಕಾ ಗೀತ್‌ಮಾಲಾ' ಆರಂಭವಾಯಿತು. ನಡೆಸಿಕೊಟ್ಟವರು ಅಮೀನ್ ಸಯಾನಿ.

ಮೊದಮೊದಲು ಅದರಲ್ಲಿ ಏಳು ಹಾಡುಗಳನ್ನು ಹಿಂದುಮುಂದಾಗಿ ಹಾಕುತ್ತಿದ್ದರು. ಅವು ಬಂದ ಕಾಲಕ್ಕೆ ಅನುಸಾರವಾಗಿ ಕೇಳುಗರು ಸರಿಯಾದ ಕ್ರಮದಲ್ಲಿ ಬರೆದು ಕಳುಹಿಸಬೇಕಿತ್ತು. ಬಹುಮಾನ 100 ರೂಪಾಯಿ. ಮೊದಲ ಕಾರ್ಯಕ್ರಮಕ್ಕೇ 9,000ದಷ್ಟು ಪತ್ರಗಳು ಬಂದವೆಂದು ಸಯಾನಿಯವರು ಹೇಳುತ್ತಿದ್ದರು. ಅನಂತರ ಜನಪ್ರಿಯತೆಯ ಆಧಾರದಲ್ಲಿ ಹಾಡುಗಳಿಗೆ ಸ್ಥಾನ ಕೊಡುವ ಕ್ರಮ ಬಂತು. ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕವನ್ನು ಮಾತ್ರ ನಂಬದೆ ಊರೂರಿನ ರೇಡಿಯೋ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ತರಿಸಿಕೊಳ್ಳುತ್ತಿದ್ದರು. ನಾಲ್ಕು ಜನ ಗೆಳೆಯರು ಒಂದೆಡೆ ಕುಳಿತು, ಈ ವಾರ ಯಾವುದು ಮೇಲೆ, ಯಾವುದು ಕೆಳಗೆ ಎಂದು ಜಗಳವಾಡಿ, ಒಂದು ತೀರ್ಮಾನಕ್ಕೆ ಬಂದು ಕಾಗದ ಬರೆಯುತ್ತಿದ್ದರು. ಈಗ ಜಾರ್ಖಂಡ್‌ನಲ್ಲಿರುವ ಝುಮ್ರಿ ತಿಲೈಯಾ ಎಂಬ ಸಣ್ಣ ಊರು ರೇಡಿಯೋಗೆ ಬರೆಯುತ್ತಿದ್ದ ಕೋರಿಕೆ ಪತ್ರಗಳಿಂದಲೇ ದೇಶಕ್ಕೆಲ್ಲ ಪರಿಚಯವಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಗಿ ಸಿನಿಮಾ ಹಾಡುಗಳು ಆಕಾಶವಾಣಿಗೆ ಮರಳಿದವು.

ಅಮೀನ್ ಸಯಾನಿಯವರ ಮಾತಿನ ಹಿಂದೆ ಒಬ್ಬ ತಾಯಿ ಇದ್ದರು ಎಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ಅವರ ತಾಯಿ ಕುಲ್ಸುಂ ಸಯಾನಿ ಮುಂಬಯಿಯಲ್ಲಿ ವಯಸ್ಕರಿಗೆ, ವಿಶೇಷವಾಗಿ ಮಹಿಳೆಯರಿಗೆ ಅಕ್ಷರ ಕಲಿಸಲು ದುಡಿದವರು. ಹೊಸದಾಗಿ ಓದು ಕಲಿತವರಿಗಾಗಿ ಅವರು 'ರಹಬರ್' ಎಂಬ ಪತ್ರಿಕೆಯನ್ನು ದೇವನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ನಡೆಸಿದರು. ಪದ್ಮಶ್ರೀ ಪುರಸ್ಕಾರವನ್ನೂ ಪಡೆದರು. ಆ ಪತ್ರಿಕೆಯ ಕೆಲಸದಲ್ಲಿ ತಾಯಿಗೆ ನೆರವಾಗುತ್ತಲೇ ಮಗ ಎಲ್ಲರಿಗೂ ಅರ್ಥವಾಗುವ ಸರಳ ಹಿಂದೂಸ್ತಾನಿಯನ್ನು ಕಲಿತರು. ರೇಡಿಯೋದಲ್ಲಿ ಅವರು ಕೇಳುಗರನ್ನು ಕರೆಯುವಾಗ ಸಹೋದರಿಯರನ್ನು ಮೊದಲು, ಸಹೋದರರನ್ನು ಆಮೇಲೆ ಕರೆಯುತ್ತಿದ್ದರು. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಆ ಕರೆಯನ್ನು ನೆನೆಯದವರಿಲ್ಲ.

ಎ ಸೈಡ್, ಬಿ ಸೈಡ್

ರೇಡಿಯೋದಲ್ಲಿ ಪಟ್ಟಿ ಮಾಡುವವರು ಬೇರೆಯವರು. ಪಟ್ಟಿಯನ್ನು ನಮ್ಮ ಕೈಗೆ ಕೊಟ್ಟದ್ದು ಕ್ಯಾಸೆಟ್. ಫಿಲಿಪ್ಸ್ ಕಂಪೆನಿ ಇದನ್ನು 1963ರಲ್ಲಿ ಬರ್ಲಿನ್‌ನ ಪ್ರದರ್ಶನವೊಂದರಲ್ಲಿ ಜನರ ಮುಂದಿಟ್ಟಿತು. ನಮ್ಮಲ್ಲಿ ಅದು ಮನೆಮನೆಗೆ ಬಂದದ್ದು 1980ರ ದಶಕದಲ್ಲಿ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಬರುವಾಗ ಟೇಪ್ ರೆಕಾರ್ಡರ್ ಹೊತ್ತು ತರುತ್ತಿದ್ದುದನ್ನು ಕರಾವಳಿಯ ಹಿರಿಯರು ಮರೆತಿರಲಾರರು. ಪತ್ರ ಬರೆಯುವ ಬದಲು ಮನೆಯವರ ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿಸಿ ಊರಿಗೆ ಹೋಗಿಬರುವವರ ಕೈಯಲ್ಲಿ ಕಳುಹಿಸುವ ಪದ್ಧತಿಯೂ ಇತ್ತು. ಆ ಕಾಲದ ವಿರಹವನ್ನು ಹಾಡಾಗಿಸಿದ ಕೇರಳದ ಎಸ್.ಎ. ಜಮೀಲ್ ಅವರ 'ದುಬೈ ಕತ್ತ್' ಮಾಪ್ಪಿಳ ಹಾಡು ಪ್ರಸಿದ್ಧವಾಯಿತು. ಅದು ಊರಿನಲ್ಲಿರುವ ಹೆಂಡತಿ ಗಂಡನಿಗೆ ಬರೆಯುವ ಪತ್ರ. ಅದಕ್ಕೆ ಗಂಡನ ಉತ್ತರವಾಗಿ ಅವರೇ ಇನ್ನೊಂದು ಹಾಡನ್ನೂ ಕಟ್ಟಿದರು.

ಕ್ಯಾಸೆಟ್ಟಿನಲ್ಲಿ ಪಟ್ಟಿ ಮಾಡುವುದು ಸುಲಭವಾಗಿರಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಾದರೆ ಒಂದು ಬದಿಗೆ ಮೂವತ್ತು ನಿಮಿಷ. ಹಳೆಯ ಚಿತ್ರಗೀತೆಗಳು ಸಾಮಾನ್ಯವಾಗಿ ಮೂರರಿಂದ ಮೂರೂವರೆ ನಿಮಿಷದವು. 78ರ ವೇಗದಲ್ಲಿ ತಿರುಗುವ ಹತ್ತು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಅಷ್ಟೇ ಹಿಡಿಯುತ್ತಿತ್ತಾದ್ದರಿಂದ ಹಾಡಿನ ಅಳತೆಯೂ ಅದಕ್ಕೆ ಹೊಂದಿಕೊಂಡಿತ್ತು. ಹೀಗಾಗಿ ಒಂದು ಬದಿಗೆ ಎಂಟು ಹಾಡು, ಎರಡೂ ಬದಿಗೆ ಹದಿನಾರು. ಲೆಕ್ಕ ತಪ್ಪಿದರೆ ಕೊನೆಯ ಹಾಡು ಅರ್ಧದಲ್ಲೇ ಕತ್ತರಿಸಿ ಹೋಗುತ್ತಿತ್ತು. ಮೊದಲೇ ಕಾಗದದ ಮೇಲೆ ಬರೆದು, ನಿಮಿಷಗಳನ್ನು ಕೂಡಿಸಿ, ಯಾವುದರ ನಂತರ ಯಾವುದು ಎಂದು ಯೋಚಿಸಿ ಬರೆದುಕೊಟ್ಟರೆ ರೆಕಾರ್ಡಿಂಗ್ ಅಂಗಡಿಯವರು ತುಂಬಿಸಿಕೊಡುತ್ತಿದ್ದರು. ಮೇಲೆ ಬೇರೆ ಏನೂ ರೆಕಾರ್ಡ್ ಆಗದಂತೆ ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿಯುತ್ತಿದ್ದರು. ಮನಸ್ಸು ಬದಲಾದರೆ ಅದೇ ತೂತಿಗೆ ಟೇಪ್ ಅಂಟಿಸಿ ಮತ್ತೆ ರೆಕಾರ್ಡ್ ಮಾಡುತ್ತಿದ್ದರು. ಸುರುಳಿ ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತಬೇಕು.

ಆ ಕ್ಯಾಸೆಟ್ ನಾಲ್ಕು ಮನೆ ಸುತ್ತಿ ಬರುವಾಗ ಅದರ ಜೊತೆಗೆ ಮಾತುಗಳೂ ಬರುತ್ತಿದ್ದವು. 'ಬಿ ಸೈಡಿನ ಮೂರನೆಯದನ್ನು ಯಾಕೆ ಹಾಕಿದೆ?', 'ಎ ಸೈಡ್ ಮುಗಿಯುವ ಹೊತ್ತಿಗೆ ನಮ್ಮ ಅಮ್ಮಿ ಸುಮ್ಮನೆ ಕುಳಿತುಬಿಟ್ಟರು' ಎಂಬಂಥ ಮಾತುಗಳು. ಕೇಳುಗಳಿಗೆ ಹಾಡು ಹಾರಿಸುವುದೂ ಕಷ್ಟವಾಗಿತ್ತು. ಆದ್ದರಿಂದ ಅವಳು ಪೂರ್ತಿ ಕೇಳುತ್ತಿದ್ದಳು. ಪೂರ್ತಿ ಕೇಳಿದ ಮೇಲೆ ಹೇಳಲು ಏನಾದರೂ ಇದ್ದೇ ಇರುತ್ತದೆ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹಾಗೆ ತುಂಬಿಸಿಕೊಂಡ ಕ್ಯಾಸೆಟ್ಟುಗಳಿಂದ ಹಾಡಿದವರಿಗಾಗಲೀ ಬರೆದವರಿಗಾಗಲೀ ಏನೂ ಸಿಗುತ್ತಿರಲಿಲ್ಲ. ಇಂದು ಫೋನಿನಲ್ಲಿ ಪಟ್ಟಿ ಕಳುಹಿಸುವಾಗ ಹೋಗುವುದು ಹಾಡುಗಳ ಹೆಸರು ಮಾತ್ರ. ಹಾಡು ಕೇಳಿಸುವುದು ಅದರ ಹಕ್ಕು ಪಡೆದ ಕಂಪೆನಿಗಳೇ. ಈ ವಿಷಯದಲ್ಲಿ ಕಾಲ ಸುಧಾರಿಸಿದೆ.

ಅಳತೆ ಹೋಯಿತು, ಮಾತೂ ಹೋಯಿತು

ಕ್ಯಾಸೆಟ್ಟಿನ ನಂತರ ಸಿಡಿ ಬಂತು. ಎಂಪಿ3 ರೂಪದಲ್ಲಿ ಒಂದೇ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳು ಹಿಡಿದವು. ಅನಂತರ ಪೆನ್ ಡ್ರೈವ್, ಅದರ ನಂತರ ಸ್ಮಾರ್ಟ್ ಫೋನ್. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಯೂಟ್ಯೂಬ್ ಅಂತೂ ಪ್ರತಿ ಮನೆಯಲ್ಲೂ ಇದೆ. ಈಗ ಒಂದು ಪಟ್ಟಿಯಲ್ಲಿ ಮುನ್ನೂರು ಹಾಡು ಹಾಕಿದರೂ ತಡೆಯುವವರಿಲ್ಲ. ಪಟ್ಟಿ ಮುಗಿದರೆ ಮುಂದಿನ ಹಾಡನ್ನು ಯಂತ್ರವೇ ಆರಿಸಿ ಹಾಕುತ್ತದೆ.

ಅನುಕೂಲ ಹೆಚ್ಚಿತು, ನಿಜ. ಆದರೆ ಮುನ್ನೂರು ಹಾಡುಗಳ ಪಟ್ಟಿಯನ್ನು ಯಾರು ಕೂತು ಕೇಳುತ್ತಾರೆ? ಕೇಳದೆ ಅಭಿಪ್ರಾಯ ಹೇಳುವುದಾದರೂ ಹೇಗೆ? ಯಂತ್ರವು ನಿಮಗೆ ಹಿಡಿಸುವ ಹಾಡನ್ನು ಊಹಿಸಬಲ್ಲದು. ಆ ಹಾಡು ನಿಮಗೆ ಯಾಕೆ ಹಿಡಿಸಿತು ಎಂದು ಅದು ನಿಮ್ಮನ್ನು ಕೇಳುವುದಿಲ್ಲ. ಆ ಪ್ರಶ್ನೆ ಕೇಳಲು ಗೆಳತಿಯೇ ಬೇಕು.

ಒಂದು ಪಟ್ಟಿಯನ್ನು ಕೇಳೋಣ

ಪ್ರೀತಿಯಿಂದ ನಿಜ ಹೇಳುವುದು ಎಂದರೆ ಹೇಗೆ? ಒಂದು ಉದಾಹರಣೆಯಿಂದ ನೋಡೋಣ. ನಿಮ್ಮ ಗೆಳತಿ ಹಳೆಯ ಗಾಯಕಿಯರ ಹದಿನಾರು ಹಾಡುಗಳ ಪಟ್ಟಿ ಕಳುಹಿಸಿದ್ದಾಳೆ ಎಂದುಕೊಳ್ಳಿ. ಮೊದಲಿಗೆ ಬೇಗಂ ಅಖ್ತರ್ ಅವರ ನಿಧಾನಗತಿಯ ಒಂದು ಗಝಲ್. ಅದರ ಹಿಂದೆಯೇ ಶಂಶಾದ್ ಬೇಗಂ ಅವರ ಚುರುಕಾದ ಚಿತ್ರಗೀತೆಗಳು. ನಡುವೆ ಅಲ್ಲಲ್ಲಿ ಮುಬಾರಕ್ ಬೇಗಂ, ನೂರ್‌ಜಹಾನ್. ಕೊನೆಯಲ್ಲಿ ಸುರೈಯಾ.

'ಎಲ್ಲ ಅಳುಮುಂಜಿ ಹಾಡುಗಳು' ಎಂದುಬಿಡುವುದು ಸುಲಭ. ಅದು ಅಭಿಪ್ರಾಯವಲ್ಲ, ಬಾಗಿಲು ಮುಚ್ಚುವ ಮಾತು. ಅದರ ಬದಲು ಇವರನ್ನೇ ಏಕೆ ಆರಿಸಿದೆ ಎಂದು ಒಮ್ಮೆ ಕೇಳಿ. ಹಾಡಲು ಕಷ್ಟಪಟ್ಟ ಹೆಣ್ಣುಮಕ್ಕಳು ಇವರು, ಅದಕ್ಕೇ ಆರಿಸಿದೆ ಎಂದು ಅವಳು ಹೇಳಬಹುದು. ಆಗ ಪಟ್ಟಿಯ ಅರ್ಥವೇ ಬದಲಾಗುತ್ತದೆ.

ಬೇಗಂ ಅಖ್ತರ್ (1914-1974) ಹುಟ್ಟಿದ್ದು ಫೈಝಾಬಾದ್‌ನಲ್ಲಿ. 1945ರಲ್ಲಿ ಲಕ್ನೋದ ಬ್ಯಾರಿಸ್ಟರ್ ಒಬ್ಬರನ್ನು ವಿವಾಹವಾದ ಮೇಲೆ ಅವರು ಹಾಡುವುದನ್ನು ಬಿಟ್ಟರು. ಕೆಲವು ವರ್ಷಗಳಲ್ಲಿ ಕಾಯಿಲೆ ಬಿದ್ದರು. ಹಾಡುವುದೇ ಇದಕ್ಕೆ ಮದ್ದು ಎಂದು ವೈದ್ಯರು ಹೇಳಿದ ನಂತರ 1949ರಲ್ಲಿ ಲಕ್ನೋ ಬಾನುಲಿ ಕೇಂದ್ರದಲ್ಲಿ ಮತ್ತೆ ಹಾಡಿದರು. ಶಂಶಾದ್ ಬೇಗಂ (1919-2013) ಲಾಹೋರಿನವರು. ಬುರ್ಖಾ ಧರಿಸಿಯೇ ಹಾಡಲು ಹೋಗಬೇಕು, ಫೋಟೋ ತೆಗೆಸಿಕೊಳ್ಳಬಾರದು ಎಂಬ ಷರತ್ತಿನ ಮೇಲೆ ತಂದೆ ಅವರಿಗೆ ಅನುಮತಿ ಕೊಟ್ಟಿದ್ದರು. ಅವರ ದನಿ ಮನೆಮನೆಯಲ್ಲಿ ಕೇಳಿಸುತ್ತಿದ್ದರೂ ಬಹಳ ಕಾಲ ಮುಖವನ್ನು ಯಾರೂ ಕಂಡಿರಲಿಲ್ಲ. ತಮ್ಮ ಹಾಡುಗಳನ್ನು ತೆರೆಯ ಮೇಲೆ ತಾವೇ ಹಾಡಿ ನಟಿಸಿದ ಸುರೈಯಾ 1963ರ ನಂತರ ಚಿತ್ರರಂಗದಿಂದ ದೂರ ಸರಿದರು. 2004ರಲ್ಲಿ ತೀರಿಕೊಳ್ಳುವವರೆಗೂ ಮರಳಿ ಬರಲಿಲ್ಲ.

ಇಷ್ಟು ತಿಳಿದ ಮೇಲೆ ನಿಮಗೊಂದು ಸಂಗತಿ ಹೊಳೆಯುತ್ತದೆ. ಮೌನವಾಗಿ ಮತ್ತೆ ದನಿ ಪಡೆದವರು ಬೇಗಂ ಅಖ್ತರ್. ಪಟ್ಟಿಯಲ್ಲಿ ಅವರೇ ಮೊದಲು ಬಂದುಬಿಟ್ಟಿದ್ದಾರೆ. ಹಾಡುವುದನ್ನು ನಿಲ್ಲಿಸಿದ ಸುರೈಯಾ ಕೊನೆಗೆ ಬಂದಿದ್ದಾರೆ. ಆಗ ನೀವು ಹೀಗೆ ಹೇಳಬಹುದು: 'ಹಾಡುಗಳೆಲ್ಲ ಚೆನ್ನಾಗಿವೆ ಕಣೇ. ಆದರೆ ಬೇಗಂ ಅಖ್ತರ್ ಮುಗಿದ ಕೂಡಲೇ ಶಂಶಾದ್ ಅವರ ಗಂಟೆಯಂಥ ದನಿ ಬಂದಾಗ ನನ್ನ ಮನಸ್ಸು ಅಷ್ಟು ಬೇಗ ತಿರುಗಲಿಲ್ಲ. ಶಂಶಾದ್‌ರಿಂದ ಆರಂಭಿಸಿ, ಸುರೈಯಾರನ್ನು ನಡುವೆ ಇಟ್ಟು, ಬೇಗಂ ಅಖ್ತರ್ ಅವರನ್ನು ಕೊನೆಗೆ ತಂದರೆ ಹೇಗೆ? ನಿಂತ ಹಾಡು ಮತ್ತೆ ಶುರುವಾದಂತೆ ಅನಿಸುತ್ತದೆ.'

ನೋಡಿ, ಇಲ್ಲಿ ಯಾವ ಹಾಡನ್ನೂ ನೀವು ಹಳಿಯಲಿಲ್ಲ. ಗೆಳತಿಯ ಅಭಿರುಚಿಯನ್ನು ನಗಲಿಲ್ಲ. ಹಾಗೆಂದು ಸುಳ್ಳು ಹೊಗಳಿಕೆಯನ್ನೂ ಮಾಡಲಿಲ್ಲ. ಅವಳು ಏನು ಹೇಳಲು ಹೊರಟಿದ್ದಳೋ ಅದನ್ನು ಇನ್ನೂ ಚೆನ್ನಾಗಿ ಹೇಳಲು ನೆರವಾದಿರಿ. ಅವಳು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆದರೆ ತನ್ನ ಪಟ್ಟಿಯನ್ನು ಒಬ್ಬರು ಮನಸ್ಸಿಟ್ಟು ಕೇಳಿದರು ಎಂಬ ಸಂತೋಷ ಅವಳಿಗೆ ಸಿಕ್ಕೇ ಸಿಗುತ್ತದೆ.

ಹೇಳುವವರು ಗಮನಿಸಬೇಕಾದದ್ದು

1. ಒಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಕೇಳಿ. ಅಡುಗೆ ಮಾಡುತ್ತಾ ಕೇಳಿದರೂ ಸರಿ, ಆದರೆ ಹಾರಿಸಬೇಡಿ. ಸಮಯವಿಲ್ಲದಿದ್ದರೆ 'ಈ ವಾರ ಕೇಳಿ ಹೇಳುತ್ತೇನೆ' ಎಂದು ತಿಳಿಸಿ.

2. ಮನಸ್ಸಿನಲ್ಲಿ ಉಳಿದ ಒಂದು ಹಾಡಿನ ಹೆಸರು ಹೇಳಿ ಮಾತು ಆರಂಭಿಸಿ. 'ಎಲ್ಲ ಚೆನ್ನಾಗಿದೆ' ಎಂಬುದಕ್ಕಿಂತ 'ಒಂಬತ್ತನೆಯದನ್ನು ಎರಡು ಸಲ ಕೇಳಿದೆ' ಎಂಬ ಮಾತಿಗೆ ಬೆಲೆ ಹೆಚ್ಚು.

3. ಹಿಡಿಸದ ಹಾಡಿದ್ದರೆ ಮೊದಲು ಪ್ರಶ್ನೆ ಕೇಳಿ, ಆಮೇಲೆ ತೀರ್ಪು ಕೊಡಿ. ಅದು ತೀರಿಹೋದ ತಂದೆಗೆ ಪ್ರಿಯವಾದ ಹಾಡಾಗಿರಬಹುದು. ಅಂಥ ಹಾಡಿಗೆ ಅಂಕ ಕೊಡಲು ಹೋಗಬಾರದು.

4. ಹಾಡಿನ ಬಗ್ಗೆ ಮಾತನಾಡಿ, ವ್ಯಕ್ತಿಯ ಬಗ್ಗೆ ಬೇಡ. 'ನಿನಗೆ ಸಂಗೀತ ಗೊತ್ತಿಲ್ಲ' ಎಂಬ ಮಾತು ಯಾವ ಪಟ್ಟಿಯನ್ನೂ ಸುಧಾರಿಸಿಲ್ಲ.

5. ತೆಗೆಯಲು ಹೇಳಿದರೆ ಬದಲಿಗೆ ಯಾವುದನ್ನು ಇಡಬಹುದು ಎಂಬುದನ್ನೂ ಸೂಚಿಸಿ.

6. ಹೊಗಳಿಕೆ ಎಲ್ಲರ ಮುಂದೆ ಇರಲಿ, ಕೊರತೆಯ ಮಾತು ಇಬ್ಬರ ನಡುವೆ ಇರಲಿ. ಒಬ್ಬರ ಪಟ್ಟಿಯನ್ನು ಅವರನ್ನು ಕೇಳದೆ ಮತ್ತೊಬ್ಬರಿಗೆ ದಾಟಿಸುವುದೂ ಸರಿಯಲ್ಲ.

ಪಟ್ಟಿ ಮಾಡುವವರಿಗೆ

ಮುನ್ನೂರು ಹಾಡು ಕಳುಹಿಸಿ ಗೆಳತಿಯನ್ನು ಪರೀಕ್ಷೆಗೆ ಒಡ್ಡಬೇಡಿ. ಹಳೆಯ ಕ್ಯಾಸೆಟ್ಟಿನ ಲೆಕ್ಕ ಇಂದಿಗೂ ಒಳ್ಳೆಯದು. ಹದಿನಾರು ಹಾಡು, ಒಂದು ಗಂಟೆಯ ಒಳಗೆ. ಹದಿನೇಳನೆಯದನ್ನು ಸೇರಿಸಬೇಕಾದರೆ ಒಂದನ್ನು ತೆಗೆಯಲೇಬೇಕು ಎಂಬ ನಿಯಮ ಹಾಕಿಕೊಳ್ಳಿ. ಯಾವುದನ್ನು ಬಿಡಲು ನಿಮಗೆ ಮನಸ್ಸಾಗುವುದಿಲ್ಲವೋ ಅದೇ ನಿಮ್ಮ ನಿಜವಾದ ಇಷ್ಟ ಎಂಬುದು ಆಗ ನಿಮಗೇ ತಿಳಿಯುತ್ತದೆ.

ಪ್ರತಿ ಹಾಡಿನ ಬಗ್ಗೆ ಒಂದೊಂದು ಸಾಲು ಬರೆಯಿರಿ. ಯಾರು ಹಾಡಿದ್ದು, ಯಾವ ವರ್ಷದ್ದು, ನೀವು ಎಲ್ಲಿ ಮೊದಲು ಕೇಳಿದ್ದು. ಬರೆಯುವ ಅಭ್ಯಾಸ ಬಿಟ್ಟುಹೋದ ಸಹೋದರಿಯರಿಗೆ ಇದು ಮರಳಿ ಲೇಖನಿ ಹಿಡಿಯುವ ನೆಪವಾದೀತು. ಗೆಳತಿ ಏನಾದರೂ ಕೊರತೆ ಹೇಳಿದರೆ ಆ ಕ್ಷಣವೇ ಉತ್ತರ ಕೊಡಲು ಹೋಗದೆ ಒಂದು ದಿನ ಬಿಡಿ. ಅವಳು ಹೇಳಿದ ಕ್ರಮದಲ್ಲಿ ಒಮ್ಮೆ ಕೇಳಿ ನೋಡಿ. ಒಪ್ಪಿಗೆಯಾದರೆ ಬದಲಿಸಿ. ಇಲ್ಲದಿದ್ದರೆ ನಿಮ್ಮದನ್ನೇ ಉಳಿಸಿಕೊಳ್ಳಿ. ಪಟ್ಟಿ ನಿಮ್ಮದು.

ಮನೆಯೊಳಗಿನ ಭಿನ್ನಾಭಿಪ್ರಾಯ

ಯಾವ ಹಾಡು ಕೇಳಬಹುದು, ವಾದ್ಯ ಇರಬಹುದೇ ಬೇಡವೇ ಎಂಬ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಕೆಲವರು ಗಝಲ್, ಚಿತ್ರಗೀತೆ ಎಲ್ಲವನ್ನೂ ಕೇಳುತ್ತಾರೆ. ಕೆಲವರು ವಾದ್ಯವಿಲ್ಲದ ನಾತ್‌ಗಳನ್ನು ಮಾತ್ರ ಕೇಳುತ್ತಾರೆ. ಪಟ್ಟಿ ಕಳುಹಿಸುವ ಮೊದಲು ಗೆಳತಿಯ ಮನೆಯ ರೀತಿಯನ್ನು ತಿಳಿದುಕೊಳ್ಳುವುದು ಸೌಜನ್ಯ. ಬರೀ ನಾತ್‌ಗಳ ಪಟ್ಟಿಯನ್ನು ಕೂಡಾ ಹೀಗೆಯೇ ಮನಸ್ಸಿಟ್ಟು ಮಾಡಬಹುದು, ಅದರ ಬಗ್ಗೆ ಹೀಗೆಯೇ ಮಾತನಾಡಬಹುದು. ಯಾರ ಉಚ್ಚಾರ ಸ್ಪಷ್ಟವಾಗಿದೆ, ಯಾರ ದನಿಯಲ್ಲಿ ವಿನಯವಿದೆ, ಯಾವುದರ ಪದಗಳು ಮಕ್ಕಳಿಗೂ ಅರ್ಥವಾಗುತ್ತವೆ ಎಂದು ಹೇಳಲು ಎಷ್ಟೊಂದು ಇದೆ!

ಮಕ್ಕಳ ವಿಷಯದಲ್ಲಂತೂ ಈ ರೀತಿ ಬಹಳ ಉಪಯುಕ್ತ. ಹದಿನಾರರ ಮಗಳು ಇಯರ್ ಫೋನ್ ಸಿಕ್ಕಿಸಿಕೊಂಡು ಏನು ಕೇಳುತ್ತಿದ್ದಾಳೋ ಎಂಬ ಆತಂಕ ಅನೇಕ ತಾಯಂದಿರಿಗಿದೆ. ಬೈದರೆ ಅವಳು ದನಿ ಇನ್ನಷ್ಟು ಏರಿಸುತ್ತಾಳೆ. ಅದರ ಬದಲು 'ನಿನ್ನ ಹತ್ತು ಹಾಡು ನನಗೆ ಕೇಳಿಸು, ನನ್ನ ಹತ್ತನ್ನು ನೀನು ಕೇಳು' ಎಂದು ಹೇಳಿ ನೋಡಿ. ಒಂದು ಹಾಡಿನ ಮಾತುಗಳು ಹೆಣ್ಣನ್ನು ಕೀಳಾಗಿ ಕಾಣುತ್ತವೆ ಎಂದು ನಿಮಗನಿಸಿದರೆ, ಅದನ್ನು ಕೇಳಿದ ಮೇಲೆ ಹೇಳುವ ನಿಮ್ಮ ಮಾತಿಗೆ ತೂಕವಿರುತ್ತದೆ. ಕೇಳದೆ ಬೈದರೆ ಅದು ಬರೀ ಬೈಗುಳವಾಗುತ್ತದೆ. ಅವಳೂ ನಿಮ್ಮ ಹಾಡಿನ ಬಗ್ಗೆ ಏನಾದರೂ ಹೇಳಿಯಾಳು. ಅದನ್ನೂ ಕೇಳಿಸಿಕೊಳ್ಳಿ.

ಈ ವಾರ ಶುರುಮಾಡಿ

ಅಭಿಪ್ರಾಯ ಹೇಳುವುದು ಒಂದು ಅಭ್ಯಾಸ. ಹಾಡಿನಂಥ ಸಣ್ಣ ವಿಷಯದಲ್ಲಿ ಅದನ್ನು ಕಲಿತ ಹೆಣ್ಣುಮಗಳು ಮಗಳ ಓದು, ಮನೆಯ ಖರ್ಚು, ಮದುವೆಯ ಮಾತುಕತೆಯಂಥ ದೊಡ್ಡ ವಿಷಯಗಳಲ್ಲೂ ಹಿಂಜರಿಯದೆ ಬಾಯಿ ತೆರೆಯುತ್ತಾಳೆ. ಯಾರನ್ನೂ ನೋಯಿಸದೆ ಹೇಳುವುದು ಹೇಗೆ ಎಂಬುದು ಅವಳಿಗೆ ರೂಢಿಯಾಗಿರುತ್ತದೆ. ಭಿನ್ನ ಮಾತನ್ನು ಕೇಳಿಸಿಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದೂ ಗೊತ್ತಿರುತ್ತದೆ.

ಮೂವರು ಅಥವಾ ನಾಲ್ವರು ಗೆಳತಿಯರು ಸೇರಿಕೊಳ್ಳಿ. ತಿಂಗಳಿಗೆ ಒಬ್ಬರು ಪಟ್ಟಿ ಮಾಡಲಿ, ಉಳಿದವರು ಕೇಳಲಿ. ತಿಂಗಳ ಕೊನೆಗೆ ಒಬ್ಬರ ಮನೆಯಲ್ಲಿ ಚಹಾ ಕುಡಿಯುತ್ತಾ ಮಾತನಾಡಿ. ದೂರದ ಊರಿನಲ್ಲಿ, ಕೊಲ್ಲಿ ರಾಷ್ಟ್ರದಲ್ಲಿ ಇರುವ ಗೆಳತಿಯೂ ಫೋನಿನ ಮೂಲಕ ಸೇರಿಕೊಳ್ಳಬಹುದು. ಇದಕ್ಕೆ ಹಣ ಬೇಡ, ಸಂಗೀತದ ಪಾಂಡಿತ್ಯವೂ ಬೇಡ.

ನಿಮ್ಮ ಫೋನಿನಲ್ಲಿ ಯಾರೋ ಕಳುಹಿಸಿದ, ನೀವಿನ್ನೂ ತೆರೆಯದ ಪಟ್ಟಿಯೊಂದು ಬಿದ್ದಿರಬಹುದು. ಇವತ್ತು ಅದನ್ನು ಪೂರ್ತಿ ಕೇಳಿ. ಆಮೇಲೆ ಅವಳಿಗೆ ಒಂದು ಫೋನ್ ಮಾಡಿ ಮಾತನಾಡಿ.